ಮೆಚ್ಚುಗೆಯ ಮುಯ್ಯಿ

ಕಳೆದ ವರ್ಷ ನಮ್ಮ ಮನೆಯಲ್ಲಿ ಒಂದು ಸಣ್ಣ ವಾಗ್ವಾದ ನಡೆಯಿತು. ಮೂಡುಬಿದಿರೆಯಲ್ಲಿ ಓದುತ್ತಿರುವ ನನ್ನ ಅಕ್ಕನ ಮಗಳು ರಜೆಗೆಂದು ಬಂಟ್ವಾಳಕ್ಕೆ ಬಂದಿದ್ದಳು. ಅವಳ ಮೊಬೈಲಿನಲ್ಲಿ ಬೆಳ್ತಂಗಡಿಯ ಗೆಳತಿಯೊಬ್ಬಳ ಫೋಟೊ ಇತ್ತು. ತಲೆಗೆ ಶಿರವಸ್ತ್ರ, ಅರ್ಧ ಮುಖಕ್ಕೆ ಅಡ್ಡವಾಗಿ ಮೆಹಂದಿ ಹಚ್ಚಿದ ಅಂಗೈ. ಅದರ ಕೆಳಗೆ ಅರವತ್ತಕ್ಕೂ ಹೆಚ್ಚು ಒಕ್ಕಣೆಗಳು. ನನ್ನ ಅಣ್ಣ ಕನ್ನಡಕ ಏರಿಸಿಕೊಂಡು ಒಂದೊಂದಾಗಿ ಜೋರಾಗಿ ಓದತೊಡಗಿದ. ‘ಮಾಶಾ ಅಲ್ಲಾಹ್’, ‘ಸೂಪರ್ ಮಾರಾಯ್ತಿ’, ‘ಚೇಲ್’, ಮತ್ತೆ ‘ಮಾಶಾ ಅಲ್ಲಾಹ್’, ಮತ್ತೆ ‘ಸೂಪರ್’, ನಡುನಡುವೆ ಕೆಂಪು ಹೃದಯಗಳು, ಬೆಂಕಿಯ ಚಿತ್ರಗಳು.

“ಇದಕ್ಕೆಲ್ಲ ಏನಾದರೂ ಅರ್ಥ ಉಂಟಾ? ಎಲ್ಲರೂ ಒಂದನ್ನೇ ಬರೆದಿದ್ದಾರೆ. ಮುಖವೇ ಕಾಣುವುದಿಲ್ಲ, ಚಂದ ಅಂತ ಹೇಗೆ ಗೊತ್ತಾಯಿತು?” ಎಂದು ಕೇಳಿದ.

ಹುಡುಗಿ ಸಿಟ್ಟಾಗಲಿಲ್ಲ. “ಬರೆಯದಿದ್ದರೆ ಅವಳಿಗೆ ಬೇಸರ ಆಗ್ತದೆ ಮಾಮೂ. ನನ್ನ ಫೋಟೊಕ್ಕೆ ಅವಳೂ ಬರೆದಿದ್ದಾಳಲ್ಲ” ಎಂದಳು.

ಅಣ್ಣ ನಕ್ಕು ಮೊಬೈಲು ಹಿಂದಕ್ಕೆ ಕೊಟ್ಟ. ಆದರೆ ಅವಳ ಎರಡನೆಯ ವಾಕ್ಯ ನನ್ನ ತಲೆಯಲ್ಲಿ ಉಳಿಯಿತು. ಅದು ಮದುವೆ ಮನೆಯ ಮುಯ್ಯಿಯ ಭಾಷೆ. ಯಾರು ಏನು ಕೊಟ್ಟರು ಎಂದು ಪುಸ್ತಕದಲ್ಲಿ ಬರೆದಿಟ್ಟುಕೊಂಡು, ಅವರ ಮನೆಯ ಮದುವೆಗೆ ಅಷ್ಟನ್ನೇ, ಸಾಧ್ಯವಾದರೆ ಸ್ವಲ್ಪ ಹೆಚ್ಚನ್ನೇ ತೀರಿಸುವ ಕ್ರಮ. ಹೆಣ್ಣುಮಕ್ಕಳು ಒಬ್ಬರನ್ನೊಬ್ಬರು ಹೊಗಳುವುದು ಮೊಬೈಲಿನೊಂದಿಗೆ ಹುಟ್ಟಿದ ಚಾಳಿಯೇ, ಅಥವಾ ಅದಕ್ಕೂ ಒಂದು ಚರಿತ್ರೆ ಇದೆಯೇ ಎಂದು ನಾನು ಯೋಚಿಸತೊಡಗಿದ್ದು ಅಂದಿನಿಂದ.

ಮೊದಲಿಗೆ ಒಂದು ವಿಚಿತ್ರವನ್ನು ಗಮನಿಸಬೇಕು. ನಮ್ಮ ಊರುಗಳಲ್ಲಿ ಹೊಗಳಿಕೆ ಯಾವತ್ತೂ ನಿರಪಾಯಕಾರಿಯಾಗಿರಲಿಲ್ಲ. ಮಗು ದುಂಡಗಿದೆ ಎಂದು ಯಾರಾದರೂ ಅಂದರೆ ಸಂಜೆ ಮಗುವಿಗೆ ಉಪ್ಪು ಮೆಣಸು ನಿವಾಳಿಸಿ ಒಲೆಗೆ ಹಾಕುತ್ತಿದ್ದರು. ಮೆಣಸು ಘಾಟು ಬಂದರೆ ದೃಷ್ಟಿ ಇಲ್ಲ, ಬಾರದಿದ್ದರೆ ದೃಷ್ಟಿ ತಗಲಿದೆ ಎಂಬ ಲೆಕ್ಕ. ತುಳುವರ ಮನೆ, ಜೈನರ ಮನೆ, ಬ್ಯಾರಿಗಳ ಮನೆ, ನಮ್ಮಂಥ ಉರ್ದು ಮಾತಾಡುವವರ ಮನೆ ಎಂಬ ಭೇದ ಇದರಲ್ಲಿರಲಿಲ್ಲ. ಹೊಸ ಮನೆಗೆ ಬೆದರುಬೊಂಬೆ, ಕೂಸಿನ ಕೆನ್ನೆಗೆ ಕಪ್ಪು ಬೊಟ್ಟು. ಮೆಚ್ಚುವ ಕಣ್ಣಿನ ಹಿಂದೆಯೇ ಅಸೂಯೆಯ ಕಣ್ಣೂ ಇರುತ್ತದೆ ಎಂಬ ಹೆದರಿಕೆ ಎಲ್ಲರಿಗೂ ಇತ್ತು.

ಇಸ್ಲಾಮೀ ಪರಂಪರೆಯಲ್ಲಿ ಇದಕ್ಕೆ ಸಂಬಂಧಿಸಿದ ಒಂದು ಪ್ರಸಂಗವಿದೆ. ಇಮಾಮ್ ಮಾಲಿಕ್ ಅವರ ‘ಮುವತ್ತಾ’ದಲ್ಲಿ ಅದು ಬರುತ್ತದೆ. ಸಹಲ್ ಇಬ್ನ್ ಹುನೈಫ್ ಎಂಬ ಸಹಾಬಿ ಸ್ನಾನ ಮಾಡುತ್ತಿದ್ದಾಗ ಆಮಿರ್ ಇಬ್ನ್ ರಬೀಆ ಎಂಬ ಇನ್ನೊಬ್ಬ ಸಹಾಬಿ ಅವರ ಮೈಬಣ್ಣವನ್ನು ಕಂಡು ಬೆರಗಾದರು. ಪರದೆಯೊಳಗಿನ ಕನ್ಯೆಯ ಚರ್ಮ ಕೂಡ ಇಷ್ಟು ಚಂದವಿರುವುದನ್ನು ಕಂಡಿಲ್ಲ ಎಂಬ ಅರ್ಥದ ಮಾತಾಡಿದರು. ಸಹಲ್ ಅಲ್ಲಿಯೇ ಕುಸಿದರು. ವಿಷಯ ಪ್ರವಾದಿಯವರಿಗೆ(ಸ) ತಲುಪಿದಾಗ ಅವರು ಆಮಿರ್ ಅವರನ್ನು ಕರೆಸಿ, ಮೆಚ್ಚಿದಾಗ ಬರಕತ್ತಿಗಾಗಿ ಏಕೆ ಪ್ರಾರ್ಥಿಸಲಿಲ್ಲ ಎಂದು ಕೇಳಿದರು. ಮೆಚ್ಚಬೇಡ ಎಂದು ಅವರು ಹೇಳಲಿಲ್ಲ ಎಂಬುದು ಇಲ್ಲಿ ಮುಖ್ಯ. ಮೆಚ್ಚುವಾಗ ಎದುರಿನವರ ಒಳಿತನ್ನೂ ಬಯಸು ಎಂಬುದು ಅದರ ತಾತ್ಪರ್ಯ. (ಒಬ್ಬರ ಚಂದವನ್ನು ಇನ್ನೊಬ್ಬರು ಹೊಗಳಿದ ಈ ಪ್ರಸಂಗದಲ್ಲಿ ಇಬ್ಬರೂ ಗಂಡಸರು! ಇದನ್ನು ಅಣ್ಣನಿಗೆ ಹೇಳಿದಾಗ ಅವನು ಬೇರೆ ಮಾತು ತೆಗೆದ.)

‘ಮಾಶಾ ಅಲ್ಲಾಹ್’ ಎಂಬ ಮಾತು ನಮ್ಮಲ್ಲಿ ಮಾಡುವ ಕೆಲಸವೂ ಅದೇ. ನಾನು ನಿನ್ನನ್ನು ನೋಡಿದೆ, ಮೆಚ್ಚಿದೆ, ನನ್ನ ಕಣ್ಣಿನಿಂದ ನಿನಗೆ ಕೇಡಾಗದಿರಲಿ ಎಂಬ ಮೂರೂ ಅದರಲ್ಲಿ ಸೇರಿವೆ. ನನ್ನ ನಾನಿ ಇದನ್ನು ಬಾಯಿಂದಲ್ಲ, ಕೈಯಿಂದ ಮಾಡುತ್ತಿದ್ದರು. ಈದ್ ದಿನ ಹೊಸ ಬಟ್ಟೆ ತೊಟ್ಟು ಎದುರು ನಿಂತರೆ ಎರಡೂ ಕೈಗಳನ್ನು ನಮ್ಮ ತಲೆಯ ಮೇಲಿಂದ ಸವರಿ ತಂದು, ತಮ್ಮ ಕಣತಲೆಗೆ ಒತ್ತಿ ನೆಟಿಗೆ ಮುರಿಯುತ್ತಿದ್ದರು. ಉರ್ದುವಿನಲ್ಲಿ ಇದಕ್ಕೆ ‘ಬಲಾಯೇಂ ಲೇನಾ’ ಎನ್ನುತ್ತಾರೆ. ನಿನ್ನ ಮೇಲೆ ಬರಬಹುದಾದ ಕಷ್ಟವನ್ನೆಲ್ಲ ನನ್ನ ಮೇಲೆ ಎಳೆದುಕೊಂಡೆ ಎಂದರ್ಥ. ನೆಟಿಗೆ ಹೆಚ್ಚು ಸದ್ದು ಮಾಡಿದಷ್ಟೂ ನಮಗೆ ಹಿಗ್ಗು.

ಇನ್ನು ಹೆಣ್ಣನ್ನು ನೋಡುವ ಕಣ್ಣುಗಳ ವಿಷಯ. ಹಿಂದೆ ಒಬ್ಬ ಹುಡುಗಿಯ ರೂಪದ ಬಗ್ಗೆ ಬಾಯಿಬಿಟ್ಟು ಮಾತಾಡುವ ಸಂದರ್ಭಗಳು ಎರಡೇ ಎರಡು. ಒಂದು, ಹೆಣ್ಣು ನೋಡಲು ಬಂದಾಗ. ಗಂಡಿನ ತಾಯಿ, ಅಕ್ಕ, ಚಿಕ್ಕಮ್ಮಂದಿರು ಬಂದು ಕೂದಲಿನ ಉದ್ದ, ಹಲ್ಲಿನ ಸಾಲು, ನಡಿಗೆ ನೋಡುತ್ತಿದ್ದರು. ‘ಬಣ್ಣ ಸ್ವಲ್ಪ ಕಡಿಮೆ’ ಎಂಬ ಒಂದು ಮಾತಿಗೆ ವರದಕ್ಷಿಣೆಯ ಲೆಕ್ಕ ಏರುತ್ತಿತ್ತು. ಇನ್ನೊಂದು, ಅದೇ ಹುಡುಗಿಯ ಮದುವೆಯ ಹಿಂದಿನ ರಾತ್ರಿ. ಬ್ಯಾರಿ ಮನೆಗಳಲ್ಲಿ ಅದು ಮೈಲಾಂಜಿಯ ರಾತ್ರಿ. ಮದುಮಗಳನ್ನು ನಡುವೆ ಕೂರಿಸಿ, ಸುತ್ತ ಹೆಂಗಸರು ಕೈತಟ್ಟಿ ಹಾಡುವ ಒಪ್ಪನೆ ಹಾಡುಗಳಲ್ಲಿ ಅವಳ ಕಣ್ಣು, ಕೈ, ಕಿವಿಯಂಚಿನ ಉದ್ದಕ್ಕೂ ಜೋತ ಅಲಿಕತ್ತು, ಎಲ್ಲಕ್ಕೂ ಹೊಗಳಿಕೆ. ಮೊನ್ನೆ ಮೊನ್ನೆ ‘ಬಣ್ಣ ಕಡಿಮೆ’ ಎನಿಸಿಕೊಂಡವಳು ಅಂದು ಹುಣ್ಣಿಮೆಯ ಚಂದ್ರ. ಆ ಕೋಣೆಗೆ ಗಂಡಸರಿಗೆ ಪ್ರವೇಶವಿರಲಿಲ್ಲ. ತೂಗಿ ನೋಡುವ ಕಣ್ಣುಗಳಿಂದ ಗಾಯಗೊಂಡವಳಿಗೆ ಅವಳದೇ ಓರಗೆಯವರು, ನೆರೆಹೊರೆಯವರು ಮಾಡುತ್ತಿದ್ದ ಮದ್ದು ಅದು ಎಂದು ನನಗೆ ತೋರುತ್ತದೆ. ಹಾಡಿದವರಿಗೂ ಗೊತ್ತಿತ್ತು, ಕೇಳಿದವಳಿಗೂ ಗೊತ್ತಿತ್ತು, ಅದು ಅಳತೆಪಟ್ಟಿ ಹಿಡಿದು ಆಡಿದ ಮಾತಲ್ಲವೆಂದು.

ಮೂಡುಬಿದಿರೆಗೆ ಹೋದವರು ಸಾವಿರ ಕಂಬದ ಬಸದಿಯನ್ನು ನೋಡದೆ ಬರುವುದಿಲ್ಲ. ಚೌಟರ ಅರಮನೆಯ ಮರದ ಕಂಬಗಳನ್ನು ನೋಡುವವರು ಕಡಿಮೆ. ಉಳ್ಳಾಲದ ರಾಣಿ ಅಬ್ಬಕ್ಕನ ವಂಶದವರ ಮನೆ ಅದು. ಅಲ್ಲಿ ನವನಾರೀ ಕುಂಜರ, ಪಂಚನಾರೀ ತುರಗ ಎಂಬ ಎರಡು ಕೆತ್ತನೆಗಳಿವೆ. ಒಂಬತ್ತು ಹೆಂಗಸರು ಒಬ್ಬರಿಗೊಬ್ಬರು ಹೆಣೆದುಕೊಂಡು ಒಂದು ಆನೆಯಾಗಿದ್ದಾರೆ, ಐವರು ಸೇರಿ ಒಂದು ಕುದುರೆಯಾಗಿದ್ದಾರೆ. ಶಿಲ್ಪಶಾಸ್ತ್ರದವರು ಇದಕ್ಕೆ ಏನು ಹೇಳುತ್ತಾರೋ ಇರಲಿ, ಕಥೆ ಬರೆಯುವ ನನಗೆ ಆ ಆನೆಯನ್ನು ಕಂಡಾಗಲೆಲ್ಲ ಮೈಲಾಂಜಿಯ ಕೋಣೆ ನೆನಪಾಗುತ್ತದೆ. ಒಬ್ಬೊಬ್ಬಳೇ ನಿಂತರೆ ಬರಿಯ ಹೆಂಗಸು, ಒಂಬತ್ತು ಜನ ಸೇರಿದರೆ ಆನೆ.

ರೂಪ ಬಿಟ್ಟು ಕೆಲಸಕ್ಕೂ ಹೊಗಳಿಕೆ ಸಿಗುತ್ತಿದ್ದ ಜಾಗ ಒಂದಿತ್ತು, ಅದು ಬೀಡಿ ಕಟ್ಟುವ ಜಗಲಿ. ಬಂಟ್ವಾಳ, ಬೆಳ್ತಂಗಡಿ ತಾಲೂಕುಗಳಲ್ಲಿ ಜಾತಿಮತ ಭೇದವಿಲ್ಲದೆ ಸಾವಿರಾರು ಮನೆಗಳ ಅಕ್ಕಿ, ಶಾಲೆಯ ಫೀಸು, ಮದುವೆಯ ಬಂಗಾರ ಬಂದದ್ದು ಹೆಂಗಸರ ಬೆರಳ ತುದಿಯಿಂದ. ಮಧ್ಯಾಹ್ನ ಊಟವಾದ ಮೇಲೆ ನಾಲ್ಕೈದು ಮನೆಯವರು ಮಡಿಲಲ್ಲಿ ತಡ್ಪೆ ಇಟ್ಟುಕೊಂಡು ಒಟ್ಟಿಗೆ ಕೂರುತ್ತಿದ್ದರು. ‘ನಿನ್ನ ಕೈ ಎಂಥ ಸ್ಪೀಡು ಮಾರಾಯ್ತಿ’ ಎಂಬ ಮಾತು ಅಲ್ಲಿ ದಿನಕ್ಕೆ ಹತ್ತು ಸಲ ಕೇಳುತ್ತಿತ್ತು. ಸಂಜೆ ಬ್ರಾಂಚಿಗೆ ಹೋದರೆ ಅಲ್ಲಿ ಚೆಕ್ ಮಾಡುವವನು. ಇದು ಸಪೂರ, ಇದು ಸಡಿಲ, ಇದರ ಬಾಯಿ ಸರಿಯಿಲ್ಲ ಎಂದು ಕಟ್ಟುಗಟ್ಟಲೆ ಬದಿಗೆ ಎಸೆಯುತ್ತಿದ್ದ. ಒಂದು ದಿಕ್ಕಿನಲ್ಲಿ ಕೊರತೆ ಹುಡುಕುವ ಕಣ್ಣು, ಇನ್ನೊಂದು ದಿಕ್ಕಿನಲ್ಲಿ ಜಗಲಿಯ ಗೆಳತಿಯರ ನಾಲಿಗೆ. ಹೆಣ್ಣು ನೋಡುವ ಶಾಸ್ತ್ರ ಮತ್ತು ಮೈಲಾಂಜಿಯ ರಾತ್ರಿಯ ಸಂಬಂಧವೇ ಇಲ್ಲಿಯೂ.

ಎದುರಾಎದುರು ಕೂರದೆ, ಒಬ್ಬರ ಮುಖ ಒಬ್ಬರು ನೋಡದೆಯೇ ಹೆಂಗಸರು ಪರಸ್ಪರ ಮೆಚ್ಚಿಕೊಂಡದ್ದೂ ಹೊಸತಲ್ಲ. 1898ರಲ್ಲಿ ಲಾಹೋರಿನಲ್ಲಿ ಮುಹಮ್ಮದೀ ಬೇಗಂ ಮತ್ತು ಅವರ ಪತಿ ಸಯ್ಯದ್ ಮುಮ್ತಾಜ್ ಅಲಿ ‘ತಹ್ಜೀಬೆ ನಿಸ್ವಾನ್’ ಎಂಬ ಉರ್ದು ಮಹಿಳಾ ಪತ್ರಿಕೆ ಆರಂಭಿಸಿದರು. 1904ರಲ್ಲಿ ಅಲೀಗಢದಿಂದ ‘ಖಾತೂನ್’, 1908ರಲ್ಲಿ ದಿಲ್ಲಿಯಿಂದ ‘ಇಸ್ಮತ್’ ಬಂದವು. ಪರದೆಯೊಳಗಿನ ಹೆಂಗಸರು ಇವುಗಳಲ್ಲಿ ಬರೆದರು, ಇತರರು ಬರೆದದ್ದನ್ನು ಓದಿ ಪತ್ರಿಸಿದರು, ಕಂಡಿಲ್ಲದವರನ್ನು ‘ಬೆಹನ್’ ಎಂದು ಕರೆದರು. ಅನೇಕರು ತಮ್ಮ ಹೆಸರನ್ನೇ ಅಚ್ಚು ಹಾಕಿಸುತ್ತಿರಲಿಲ್ಲ. ಹೆಸರು ಕೂಡ ಪರಪುರುಷರ ಕಣ್ಣಿಗೆ ಬೀಳಬಾರದಲ್ಲ! ಆ ಕಾಲದ ಒಬ್ಬ ಒಳ್ಳೆಯ ಕವಯಿತ್ರಿ ಜಾಹಿದಾ ಖಾತೂನ್ ಶೆರ್ವಾನಿಯಾ (1894-1922) ತನ್ನ ಹೆಸರಿನ ಮೂರು ಉರ್ದು ಅಕ್ಷರಗಳಾದ ‘ಜೇ-ಖೇ-ಶೀನ್’ ಎಂದಷ್ಟೇ ಸಹಿ ಮಾಡುತ್ತಿದ್ದಳು. ಕವಿತೆಗಳನ್ನು ಮೆಚ್ಚಿದವರಿಗೆ ಅವುಗಳನ್ನು ಬರೆದವಳ ಮುಖವಿರಲಿ, ಪೂರ್ತಿ ಹೆಸರೂ ತಿಳಿದಿರಲಿಲ್ಲ. ಇಂದು ಮುಖದ ಮೇಲೆ ಹೂವಿನ ಚಿತ್ರ ಅಂಟಿಸಿ, ಹೆಸರಿನ ಬದಲು ಎರಡು ಅಕ್ಷರ ಬರೆದು, ಕಡಲಿಗೆ ಮುಖ ಮಾಡಿ ಬೆನ್ನಷ್ಟೇ ಕಾಣುವಂತೆ ಫೋಟೊ ಹಾಕುವ ನಮ್ಮ ಹುಡುಗಿಯರನ್ನು ಕಂಡಾಗ ನನಗೆ ಅವಳ ನೆನಪಾಗುತ್ತದೆ. ಕಾಣಿಸಿಕೊಳ್ಳಬೇಕು, ಪೂರ್ತಿ ಕಾಣಿಸಬಾರದು ಎಂಬ ಈ ಜಾಣತನಕ್ಕೆ ನೂರು ವರ್ಷಗಳಿಗಿಂತ ಹೆಚ್ಚು ವಯಸ್ಸಾಗಿದೆ.

ಇನ್ನು ಫೋಟೊ. ಛಾಯಾಚಿತ್ರ ಸರಿಯೇ ತಪ್ಪೇ ಎಂದು ಉಲಮಾಗಳು ದೀರ್ಘಕಾಲ ಚರ್ಚಿಸಿದರು. ಈಜಿಪ್ಟಿನ ಮುಫ್ತಿಯಾಗಿದ್ದ ಮುಹಮ್ಮದ್ ಬಖೀತ್ ಅಲ್ ಮುತೀಈ ಅದು ನೆರಳನ್ನು ಹಿಡಿದಿಡುವ ಕ್ರಿಯೆ, ಸೃಷ್ಟಿಯಲ್ಲ ಎಂದು ವಾದಿಸಿ ಅನುಮತಿಸಿದರು. ನಮ್ಮ ಉಪಖಂಡದ ಅನೇಕ ವಿದ್ವಾಂಸರು ಒಪ್ಪಲಿಲ್ಲ. ಆದರೆ ನಮ್ಮ ಕರಾವಳಿಯಲ್ಲಿ ಆ ಚರ್ಚೆ ಮುಗಿಯುವವರೆಗೆ ಯಾರೂ ಕಾಯಲಿಲ್ಲ. 1973ರ ತೈಲ ಬೆಲೆಯೇರಿಕೆಯ ನಂತರ ಕೊಲ್ಲಿ ದೇಶಗಳಲ್ಲಿ ಕೆಲಸ ತೆರೆಯಿತು, ಗಂಡಸರು ಪಾಸ್‌ಪೋರ್ಟಿಗೆ ಫೋಟೊ ತೆಗೆಸಿದರು, ಅವರ ಹಿಂದೆಯೇ ಅವರ ಹೆಂಡಿರೂ ಸ್ಟುಡಿಯೋ ಮೆಟ್ಟಿಲು ಹತ್ತಿದರು.

ನನ್ನ ಚಾಚಿಯೊಬ್ಬರು ಹಾಗೆ ಹತ್ತಿದವರು. ಸೌದಿಯಲ್ಲಿದ್ದ ಚಾಚಾ ಬರೆದು ಕೇಳಿದ್ದರಂತೆ. ಬುರ್ಖಾದೊಳಗೆ ಮದುವೆಯ ಸೀರೆಯುಟ್ಟು ಹೋಗಿ, ಒಳಗೆ ಪರದೆಯ ಹಿಂದೆ ಬುರ್ಖಾ ತೆಗೆದು, ಬಣ್ಣದ ಬೆಟ್ಟದ ಚಿತ್ರದ ಎದುರು ಪ್ಲಾಸ್ಟಿಕ್ ಹೂವಿಗೆ ಕೈತಾಗಿಸಿ ನಿಂತದ್ದು. ವಾರ ಬಿಟ್ಟು ಪ್ರಿಂಟು ಬಂತು. ಅಂಚೆಗೆ ಹಾಕುವ ಮೊದಲು ಅದು ಕೇರಿಯ ಎಲ್ಲ ಹೆಂಗಸರ ಕೈ ದಾಟಿತು. ಒಬ್ಬೊಬ್ಬರೂ ಬೆಳಕಿಗೆ ಹಿಡಿದು, ‘ಸಿನೆಮಾದವರ ಹಾಗೆ ಕಾಣ್ತೀ’ ಎಂದದ್ದು, ಚಾಚಿ ಸೆರಗಿನಿಂದ ಬಾಯಿ ಮುಚ್ಚಿ ‘ಹೋಗೇ, ಸುಮ್ಮನೆ’ ಎಂದದ್ದು ನನಗೆ ಈಗಲೂ ಕಣ್ಣಿಗೆ ಕಟ್ಟುತ್ತದೆ. ತಿಂಗಳ ಬಳಿಕ ಸೌದಿಯಿಂದ ಕಾಗದ ಬಂತು. ಫೋಟೊ ತಲುಪಿದೆ, ಡ್ರಾಫ್ಟ್ ಕಳಿಸಿದ್ದೇನೆ, ಬ್ಯಾಂಕಿನಲ್ಲಿ ವಿಚಾರಿಸು ಎಂದಷ್ಟೇ ಇತ್ತು. ಫೋಟೊ ತೆಗೆಸಿದ್ದು ಗಂಡನಿಗಾಗಿ ನಿಜ. ಆದರೆ ಅದಕ್ಕೆ ಸಿಕ್ಕ ಮೆಚ್ಚುಗೆಯೆಲ್ಲ ಕೇರಿಯ ಹೆಂಗಸರದು.

ಎಲ್ಲರಿಗೂ ಈ ಭಾಗ್ಯವಿರಲಿಲ್ಲ. ಬಹಳ ಮಂದಿ ಹೆಂಗಸರ ಮುಖ ಮೊದಲ ಸಲ ಕಾಗದದ ಮೇಲೆ ಬಂದದ್ದು ಬೀಡಿ ಕಾರ್ಮಿಕರ ಗುರುತುಚೀಟಿಯಲ್ಲಿ ಅಥವಾ ಟಿ.ಎನ್. ಶೇಷನ್ 1993ರಲ್ಲಿ ಜಾರಿಗೆ ತಂದ ಮತದಾರರ ಚೀಟಿಯಲ್ಲಿ. ಆ ಫೋಟೊಗಳನ್ನು ಯಾರೂ ಹೊಗಳಿದ್ದು ನನಗೆ ತಿಳಿಯದು! ನನ್ನ ನಾನಿಯದೆಂದು ನಮ್ಮಲ್ಲಿ ಉಳಿದಿರುವ ಒಂದೇ ಚಿತ್ರ ಮತದಾರರ ಚೀಟಿಯದು. ನೆಟಿಗೆ ಮುರಿದು ನಮ್ಮೆಲ್ಲರ ಕಷ್ಟ ಎಳೆದುಕೊಂಡ ಆ ಹೆಂಗಸು ಅದರಲ್ಲಿ ಪೊಲೀಸರಿಗೆ ಸಿಕ್ಕಿಬಿದ್ದವರಂತೆ ಕಾಣುತ್ತಾರೆ.

ನಮ್ಮ ತಲೆಮಾರಿಗೆ ಆಟೋಗ್ರಾಫ್ ಪುಸ್ತಕ ಇತ್ತು. ಎಸ್ಸೆಸ್ಸೆಲ್ಸಿ ಪರೀಕ್ಷೆಗೆ ಮೊದಲು ಗುಲಾಬಿ, ಹಸಿರು ಹಾಳೆಗಳ ಪುಟ್ಟ ಪುಸ್ತಕ ಕ್ಲಾಸಿನ ತುಂಬ ಓಡಾಡುತ್ತಿತ್ತು. ನಿನ್ನ ನಗು ಚಂದ, ನಿನ್ನ ಅಕ್ಷರ ಚಂದ ಎಂಬುದೇ ಅದರ ಸಾರ. ಎಲ್ಲರೂ ಎಲ್ಲರಿಗೂ ಒಂದನ್ನೇ ಬರೆದದ್ದು. ಆದರೂ ನನ್ನ ಪುಸ್ತಕ ನನ್ನ ಕಪಾಟಿನಲ್ಲಿ ಇನ್ನೂ ಇದೆ. 2004ರಲ್ಲಿ ಆರ್ಕುಟ್ ಬಂದಾಗ ಉಜಿರೆ, ಮೂಡುಬಿದಿರೆಯ ಕಾಲೇಜು ಮಕ್ಕಳು ಸೈಬರ್ ಕೆಫೆಗಳಲ್ಲಿ ಗಂಟೆ ಲೆಕ್ಕದಲ್ಲಿ ಹಣ ಕೊಟ್ಟು ಮಾಡಿದ್ದು ಇದನ್ನೇ. ಗೆಳತಿಯ ಬಗ್ಗೆ ನಾಲ್ಕು ಒಳ್ಳೆಯ ಮಾತು ಬರೆಯುವುದಕ್ಕೆಂದೇ ಅದರಲ್ಲಿ ‘ಟೆಸ್ಟಿಮೋನಿಯಲ್’ ಎಂಬ ಜಾಗವಿತ್ತು. ಆರ್ಕುಟ್ 2014ರ ಸೆಪ್ಟೆಂಬರ್ 30ಕ್ಕೆ ಮುಚ್ಚಿತು. ಆ ವೇಳೆಗೆ ಫೇಸ್‌ಬುಕ್, ವಾಟ್ಸಾಪ್ ಬಂದಾಗಿತ್ತು. 2016ರ ಸೆಪ್ಟೆಂಬರಿನಲ್ಲಿ ಜಿಯೋ ಬಂದ ಮೇಲೆ ಅಡುಗೆಮನೆಯವರೆಗೂ ಇಂಟರ್‌ನೆಟ್ ತಲುಪಿತು. ಈಗ ಇನ್‌ಸ್ಟಾಗ್ರಾಂ.

ಒಂದೇ ಮಾತನ್ನು ಎಲ್ಲರೂ ಬರೆಯುತ್ತಾರೆ ಎಂಬ ಅಣ್ಣನ ಆಕ್ಷೇಪಕ್ಕೆ ಭಾಷಾವಿಜ್ಞಾನಿಗಳು ಎಂದೋ ಉತ್ತರ ಕೊಟ್ಟಿದ್ದಾರೆ. ಅಮೆರಿಕದ ಜೋನ್ ಮೇನ್ಸ್ ಮತ್ತು ನೆಸಾ ವುಲ್ಫ್‌ಸನ್ 1981ರಲ್ಲಿ 686 ಮೆಚ್ಚುಗೆಯ ಮಾತುಗಳನ್ನು ಸಂಗ್ರಹಿಸಿ ನೋಡಿದಾಗ, ಗುಣವಾಚಕ ಬಳಸಿದವುಗಳಲ್ಲಿ ಮೂರರಲ್ಲಿ ಎರಡು ಪಾಲು ಚಂದ, ಒಳ್ಳೆಯದು ಎಂಬ ಅರ್ಥದ ಬರೇ ಐದು ಪದಗಳಿಂದ ಕಟ್ಟಿದವಾಗಿದ್ದವು. ಇಂಗ್ಲಿಷಿನ ಅಷ್ಟು ದೊಡ್ಡ ನಿಘಂಟಿನಲ್ಲಿ ಐದು ಪದ! ಸಲಾಂ ಹೇಳುವಾಗ ನಾವು ಹೊಸ ಪದ ಹುಡುಕುತ್ತೇವೆಯೇ? ಸಲಾಮಿನಲ್ಲಿ ಹೊಸತನ ಬೇಕಿಲ್ಲ, ಹೇಳದಿದ್ದರೆ ಮಾತ್ರ ಕೊರತೆ. ನ್ಯೂಜಿಲೆಂಡಿನ ಜಾನೆಟ್ ಹೋಮ್ಸ್ 1988ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಮೆಚ್ಚುಗೆಯನ್ನು ಹೆಚ್ಚು ಕೊಡುವವರೂ ಪಡೆಯುವವರೂ ಹೆಂಗಸರೇ ಎಂದು ಕಂಡುಬಂತು. ಸ್ನೇಹವನ್ನು ಗಟ್ಟಿಮಾಡುವ ಸಾಧನವಾಗಿ ಅವರು ಅದನ್ನು ಬಳಸುತ್ತಾರೆ ಎಂಬುದು ಅವರ ನಿಲುವು.

ಹಾಗೆಂದು ಇದೆಲ್ಲ ಹಾಲುಜೇನು ಎಂದು ನಾನು ಹೇಳಲಾರೆ. ಮೈಲಾಂಜಿಯ ಕೋಣೆಯಲ್ಲಿ ಎಣಿಕೆ ಇರಲಿಲ್ಲ. ಇಲ್ಲಿ ಯಾರಿಗೆ ಎಷ್ಟು ಎಂಬುದು ಅಂಕಿಯಾಗಿ ಎಲ್ಲರಿಗೂ ಕಾಣುತ್ತದೆ. ಫೇಸ್‌ಬುಕ್ ಕಂಪೆನಿಯ ಒಳಗಿನ ಕಾಗದಪತ್ರಗಳು 2021ರಲ್ಲಿ ಹೊರಬಿದ್ದಾಗ, ತಮ್ಮ ದೇಹದ ಬಗ್ಗೆ ಬೇಸರವಾದಾಗ ಇನ್‌ಸ್ಟಾಗ್ರಾಂ ಆ ಬೇಸರವನ್ನು ಹೆಚ್ಚಿಸಿತು ಎಂದು ಹದಿಹರೆಯದ ಹುಡುಗಿಯರಲ್ಲಿ ಶೇಕಡಾ 32 ಮಂದಿ ಹೇಳಿದ್ದು ಬಯಲಾಯಿತು. ಹೆಣ್ಣು ನೋಡಲು ಬಂದವರ ಅಳತೆಗೋಲೂ ಪೂರ್ತಿ ಮಾಯವಾಗಿಲ್ಲ. 2020ರಲ್ಲಿ ‘ಫೇರ್ ಆ್ಯಂಡ್ ಲವ್ಲಿ’ ತನ್ನ ಹೆಸರಿನಿಂದ ‘ಫೇರ್’ ತೆಗೆದುಹಾಕಿತು, ಆದರೆ ಮೊಬೈಲಿನ ಫಿಲ್ಟರ್ ಕೇಳದೆಯೇ ಮುಖವನ್ನು ಬಿಳಿ ಮಾಡುತ್ತದೆ. ಕಪ್ಪು ಹುಡುಗಿಯ ಫೋಟೊಕ್ಕೆ ‘ನಗು ಚಂದ ಉಂಟು’ ಎಂದು ಬರೆಯುವವರು ಏನನ್ನು ಬರೆಯದೆ ಬಿಟ್ಟರು ಎಂಬುದು ಅವಳಿಗೆ ಗೊತ್ತಾಗುತ್ತದೆ.

ಇಷ್ಟಾದರೂ ನಾನು ಹುಡುಗಿಯರ ಪಕ್ಷ ವಹಿಸಲು ಒಂದು ಕಾರಣವಿದೆ. 2021ರ ಜುಲೈಯಲ್ಲಿ ‘ಸುಲ್ಲಿ ಡೀಲ್ಸ್’ ಎಂಬ ಹೆಸರಿನಲ್ಲಿ, ಮರುವರ್ಷ 2022ರ ಜನವರಿ 1ರಂದು ‘ಬುಲ್ಲಿ ಬಾಯಿ’ ಎಂಬ ಹೆಸರಿನಲ್ಲಿ ದೇಶದ ಮುಸ್ಲಿಂ ಹೆಣ್ಣುಮಕ್ಕಳ ಫೋಟೊಗಳನ್ನು ಅವರ ಖಾತೆಗಳಿಂದ ಕದ್ದು ಹರಾಜಿಗಿಟ್ಟರು. ಪತ್ರಕರ್ತೆಯರು, ವಕೀಲರು, ವಿದ್ಯಾರ್ಥಿನಿಯರು ಅದರಲ್ಲಿದ್ದರು. ಎರಡನೆಯ ಪ್ರಕರಣದಲ್ಲಿ ಬಂಧಿತರಾದವರಲ್ಲಿ ಬೆಂಗಳೂರಿನಲ್ಲಿ ಓದುತ್ತಿದ್ದ ಒಬ್ಬ ಇಂಜಿನಿಯರಿಂಗ್ ವಿದ್ಯಾರ್ಥಿಯೂ ಇದ್ದ. ಮಾರಾಟ ಏನೂ ನಡೆಯಲಿಲ್ಲ, ಅವಮಾನಿಸುವುದೇ ಉದ್ದೇಶವಾಗಿತ್ತು. ಅದೇ ಹೊತ್ತಿಗೆ ಉಡುಪಿಯಿಂದ ಹಿಜಾಬಿನ ವಿವಾದ ಎದ್ದು ಇಡೀ ಕರಾವಳಿ ಕುದಿಯುತ್ತಿತ್ತು. ಕ್ಯಾಮೆರಾಗಳು ಕಾಲೇಜಿನ ಗೇಟಿನಲ್ಲಿ ನಿಂತು ಹುಡುಗಿಯರ ಮುಖ ಅರಸುತ್ತಿದ್ದವು. ಆ ದಿನಗಳಲ್ಲಿ ನಮ್ಮ ಅನೇಕ ಮನೆಗಳಲ್ಲಿ ಒಂದೇ ರಾತ್ರಿ ಫೋಟೊಗಳೆಲ್ಲ ಅಳಿಸಿಹೋದವು. ನನ್ನ ಅಕ್ಕನ ಮಗಳೂ ಅಳಿಸಿದಳು. ಅವಳ ಖಾತೆಯಲ್ಲಿ ತಿಂಗಳುಗಟ್ಟಲೆ ಒಂದು ಬಿಳಿ ಗುಲಾಬಿ ಮಾತ್ರ ಇತ್ತು.

ಆಮೇಲೊಂದು ದಿನ ಅವಳು ತನ್ನ ಕೈಯ ಫೋಟೊ ಹಾಕಿದಳು. ಕೈಯಲ್ಲಿ ಒಂದು ಪುಸ್ತಕ, ತೋಳಿನ ತುದಿ, ಅಷ್ಟೇ. ಅರ್ಧ ಗಂಟೆಯೊಳಗೆ ಅವಳ ತರಗತಿಯ ಹುಡುಗಿಯರೆಲ್ಲ ಬಂದು ಬರೆದರು, ಮುಸ್ಲಿಮರೂ, ಬಂಟರೂ, ಜೈನರೂ, ಕ್ರೈಸ್ತರೂ. ‘ಸೂಪರ್’, ‘ಸೂಪರ್’, ‘ಮಾಶಾ ಅಲ್ಲಾಹ್’, ‘ಪೊರ್ಲು’. ಕೈಯಲ್ಲಿ ಸೂಪರ್ ಏನಿದೆ? ನನಗೆ ಚಿಕ್ಕಂದಿನಲ್ಲಿ ರಾತ್ರಿಯ ಪ್ರವಚನ ಮುಗಿಸಿ ಮನೆಗೆ ಮರಳುತ್ತಿದ್ದುದು ನೆನಪಾಯಿತು. ತೋಟದ ದಾರಿ, ಒಂದೇ ಟಾರ್ಚು. ಹೆಂಗಸರು ಎಲ್ಲರೂ ಒಟ್ಟಿಗೆ ಜೋರಾಗಿ ಮಾತಾಡುತ್ತಿದ್ದರು. ಮಾತಿನಲ್ಲಿ ವಿಷಯವೇನೂ ಇರುತ್ತಿರಲಿಲ್ಲ. ಕತ್ತಲಲ್ಲಿ ಯಾರಾದರೂ ನಿಂತಿದ್ದರೆ ಇವರು ಬಹಳ ಜನ ಇದ್ದಾರೆ ಎಂದು ತಿಳಿಯಬೇಕು, ಅದಕ್ಕೆ.

ಈ ಸಲದ ಈದ್ ಕಳೆದು ಅವಳು ಗೆಳತಿಯರೊಂದಿಗೆ ಚೌಟರ ಅರಮನೆಗೆ ಹೋಗಿದ್ದಳು. ನವನಾರೀ ಕುಂಜರದ ಕಂಬದ ಪಕ್ಕ ಐದು ಮಂದಿ ನಿಂತ ಫೋಟೊ. ಇವಳ ಮುಖ ಈ ಬಾರಿ ಪೂರ್ತಿ ಕಾಣುತ್ತಿತ್ತು. ನಾನು ಕನ್ನಡಕ ಹಾಕಿಕೊಂಡು, ಅಕ್ಷರ ಹುಡುಕಿ ಹುಡುಕಿ, ‘ಮಾಶಾ ಅಲ್ಲಾಹ್’ ಎಂದು ಬರೆದೆ. ಒಂದು ನಿಮಿಷ ಕಳೆದಿರಲಿಲ್ಲ, ನನ್ನ ಮೊಬೈಲು ಸದ್ದು ಮಾಡಿತು. ಎರಡು ವರ್ಷದ ಹಿಂದೆ ಯಾವುದೋ ಸಭೆಯಲ್ಲಿ ಮೈಕಿನ ಮುಂದೆ ನಿಂತಿದ್ದ ನನ್ನ ಒಂದು ಹಳೆಯ ಫೋಟೊವನ್ನು ಹುಡುಕಿ ತೆಗೆದು, ಅದರ ಕೆಳಗೆ ಅವಳು ಬರೆದಿದ್ದಳು: ‘ಖಾಲಾ, ಸೂಪರ್!’